ಸಂಪರ್ಕ: ಶೇಕಡಾ ನಲವತ್ತಮೂರು

ಪಾಲೆಗುಂಡಿ ಗ್ರಾಮ ಪಂಚಾಯತಿನ ಪ್ರಥಮ ಕಂಪ್ಯೂಟರ್ ಕಾರು ಓಟದ ಸ್ಪರ್ಧೆಯು ಈ ವರ್ಷ, ಸಾರ್ವಜನಿಕರ ಅಭೂತಪೂರ್ವ ಸಹಕಾರದೊಂದಿಗೆ, ಒಂದೇ ಒಂದು ಕಾರೂ ಓಡದೆ ಯಶಸ್ವಿಯಾಗಿ ನೆರವೇರಿತು. ಈ ಯಶಸ್ಸಿನಲ್ಲಿ ತಾತ್ಕಾಲಿಕ ತಾಂತ್ರಿಕ ಸಹಾಯಕಿ ಕುಮಾರಿ ದೀಕ್ಷಿತಾ ಅವರ ಪಾತ್ರವಿದೆ ಎಂದು ಕಡತದಲ್ಲಿ ದಾಖಲಾಗಿದೆ. ಏನು ಪಾತ್ರ ಎಂಬುದು ದಾಖಲಾಗಿಲ್ಲವಾದ್ದರಿಂದ ಇಲ್ಲಿ ಹೇಳಬೇಕಾಗಿದೆ.

ದೀಕ್ಷಿತಾ ಮೊಗ್ರಾಲಿನವಳು. ಪಾಲಿಟೆಕ್ನಿಕ್ ಮುಗಿಸಿ, ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜಿನ ಮೂಲಕ ಫೆಬ್ರವರಿ ಐದಕ್ಕೆ ಈ ಕಚೇರಿಗೆ ಸೇರಿದ್ದಳು. ನೇಮಕಾತಿ ನೂರ ಎಪ್ಪತ್ತೊಂಬತ್ತು ದಿನಗಳಿಗೆ. ನೂರ ಎಂಬತ್ತನೆಯ ದಿನ ಮನುಷ್ಯನಿಗೆ ಕಚೇರಿಯ ಮೇಲೆ ಏನೋ ಹಕ್ಕು ಹುಟ್ಟಿಬಿಡುತ್ತದೆ ಎಂಬ ಭಯ ಸರಕಾರಕ್ಕಿದೆ. ಇದುವರೆಗೆ ಅವಳಿಗೆ ಸಿಕ್ಕಿದ ತಾಂತ್ರಿಕ ಕೆಲಸವೆಂದರೆ ಬೀದಿದೀಪದ ಕಂಬಗಳ ಮೇಲೆ ಪೈಂಟಿನಲ್ಲಿ ನಂಬರು ಬರೆಯುವುದು. ಒಂಬೈನೂರ ಮೂರು ಕಂಬ ಬರೆದು, ಬಿಸಿಲಿಗೆ ಕಪ್ಪಾಗಿ, ಜುಲೈಯಲ್ಲಿ ಒಳಗೆ ಬಂದು ಕುಳಿತಾಗ ಯುವಜನ ಡಿಜಿಟಲ್ ಉತ್ಸವದ ಸುತ್ತೋಲೆ ಬಂತು. ಪ್ರತಿ ಪಂಚಾಯತು ಆ ತಿಂಗಳ ಕೊನೆಯ ಶನಿವಾರದೊಳಗೆ ಕಂಪ್ಯೂಟರಿನಲ್ಲಿ ಕಾರು ಓಟದ ಸ್ಪರ್ಧೆ ನಡೆಸತಕ್ಕದ್ದು.

"ಇದು ಚೆನ್ನಾಗಿ ನಡೆದರೆ ನಿನ್ನ ಹೆಸರನ್ನು ಮುಂದಿನ ಸಲಕ್ಕೂ ಶಿಫಾರಸು ಮಾಡುವ," ಎಂದರು ಸೆಕ್ರೆಟರಿ ಈಶ್ವರಪ್ರಸಾದರು. ನಡೆಯದಿದ್ದರೆ ಎಂತ ಎಂದು ಅವರೂ ಹೇಳಲಿಲ್ಲ, ಅವಳೂ ಕೇಳಲಿಲ್ಲ.

ಹದಿನಾಲ್ಕು ಮಂದಿ ಹೆಸರು ಕೊಟ್ಟರು. ಹದಿಮೂರು ಮಂದಿ ಕಾಲೇಜು ಹುಡುಗರು. ಹದಿನಾಲ್ಕನೆಯವರು ಪುತ್ತಿಗೆ ಕಡೆಯಿಂದ ಮದುವೆಯಾಗಿ ಬಂದ ಅಮ್ಮಣ್ಣಿ, ವಯಸ್ಸು ಐವತ್ತೊಂಬತ್ತು. ಸುತ್ತೋಲೆಯಲ್ಲಿ 'ಯುವಜನ' ಎಂದರೆ ಎಷ್ಟು ವಯಸ್ಸಿನವರೆಗೆ ಎಂದು ಬರೆಯಲು ಮರೆತಿದ್ದರು. ಇಪ್ಪತ್ತೆರಡು ವರ್ಷ ಗೂಡ್ಸ್ ರಿಕ್ಷಾ ಓಡಿಸಿ, ಸಿಮೆಂಟು, ತೆಂಗಿನಕಾಯಿ, ಗ್ಯಾಸ್ ಸಿಲಿಂಡರು ಎಲ್ಲವನ್ನೂ ಹೊತ್ತು, ಮೊಣಕಾಲು ಕೈಕೊಟ್ಟ ಮೇಲೆ ರಿಕ್ಷಾ ಮಾರಿ ಎರಡು ವರ್ಷದಿಂದ ಮನೆಯಲ್ಲಿದ್ದವರು ಆಕೆ.

"ಆಟದ ಕಾರಿಗೆ ಕ್ಲಚ್ ಇಲ್ಲವಂತೆ, ಹೌದಾ ಮಗಾ?" ಎಂದು ಕೇಳಿದರು.

"ಇಲ್ಲ ಅಮ್ಮಣ್ಣಿಯಕ್ಕ. ಬರೀ ಸ್ಟೇರಿಂಗು, ಎರಡು ಬಟನು."

"ಹಾಗಾದರೆ ನನ್ನದೊಂದು ಹೆಸರು ಬರಿ."

ಕಂಪ್ಯೂಟರುಗಳು ಸಭಾಂಗಣದಲ್ಲಿ ಏಳಿದ್ದವು. ದೀಕ್ಷಿತಾ ಆಟವನ್ನು ಹಾಕಿದಳು. ಆಟ ತೆರೆಯುವ ಮೊದಲು ಲಾಂಚರ್ ಎಂಬ ಇನ್ನೊಂದು ತೆರೆದುಕೊಂಡಿತು. ಲಾಂಚರ್ ಎಂದರೆ ಆಟವಲ್ಲ, ಆಟದ ಬಾಗಿಲಲ್ಲಿ ನಿಂತ ಕಾವಲುಗಾರ. ಅದು ಎಲ್ಲೋ ದೂರದಲ್ಲಿರುವ ಸರ್ವರನ್ನು ಕೇಳಿ, ಅಲ್ಲಿಂದ ಒಪ್ಪಿಗೆ ಬಂದ ಮೇಲೆಯೇ ಜನರನ್ನು ಒಳಗೆ ಬಿಡುತ್ತದೆ. ಈ ಪದ್ಧತಿ ಕಚೇರಿಯವರಿಗೆ ಬಹಳ ಹಿಡಿಸಿತು. ಆದರೆ ಒಪ್ಪಿಗೆ ಬರಲಿಲ್ಲ. ಪರದೆಯ ಮೇಲೆ ನೀಲಿ ಪಟ್ಟಿಯೊಂದು ಶೇಕಡಾ ಮೂವತ್ತೆಂಟೋ ಮೂವತ್ತೊಂಬತ್ತೋ ಆಗುವಷ್ಟು ಬೆಳೆದು ನಿಂತುಬಿಡುತ್ತಿತ್ತು. ಕೆಳಗೆ 'ಸಂಪರ್ಕ ಸಾಧ್ಯವಾಗಲಿಲ್ಲ, ಪುನಃ ಪ್ರಯತ್ನಿಸಿ' ಎಂಬ ಬಟನು.

ಅವಳು ಪುನಃ ಪ್ರಯತ್ನಿಸಿದಳು. ಯಂತ್ರ ಆಫ್ ಮಾಡಿ ಆನ್ ಮಾಡಿದಳು. ಲಾಂಚರನ್ನು ತೆಗೆದು ಮತ್ತೆ ಹಾಕಿದಳು. ಕೇಬಲು ಕಿತ್ತು ಊದಿ ಚುಚ್ಚಿದಳು. ಕೊನೆಗೆ ಇಂಟರ್‌ನೆಟ್ಟಿನ ರೂಟರನ್ನು ಒಮ್ಮೆ ಆಫ್ ಮಾಡಿ ನೋಡುವ ಎಂದು ಕೈ ಚಾಚಿದಾಗ ಹೆಡ್ ಕ್ಲಾರ್ಕ್ ಸುಕುಮಾರ ಓಡಿ ಬಂದರು.

"ಎಂತ ಮಾಡ್ತಿದ್ದಿ? ರೂಟರ್ ಆಫ್ ಮಾಡುವುದು ಅಂದರೆ ಸಾರ್ವಜನಿಕ ಸೇವೆ ಸ್ಥಗಿತಗೊಳಿಸುವುದು. ಏಳು ದಿನ ಮೊದಲೇ ಪ್ರಕಟಣೆ ಹಾಕಬೇಕು."

"ಹತ್ತು ಸೆಕೆಂಡು ಸರ್."

"ಸೆಕೆಂಡು ಎಷ್ಟಾದರೂ ಪ್ರಕಟಣೆ ಏಳು ದಿನದ್ದೇ."

ನೋಟೀಸು ಬೋರ್ಡಿನಲ್ಲಿ ಪ್ರಕಟಣೆ ಬಿತ್ತು: 'ಸಾರ್ವಜನಿಕರ ಗಮನಕ್ಕೆ. ಇಂದಿನಿಂದ ಏಳು ದಿನಗಳ ತರುವಾಯ ಪಂಚಾಯತ್ ಕಚೇರಿಯ ರೂಟರನ್ನು ಹತ್ತು ಸೆಕೆಂಡುಗಳ ಕಾಲ ಆಫ್ ಮಾಡಲಾಗುವುದು. ಆಕ್ಷೇಪಣೆ ಇದ್ದವರು ಲಿಖಿತವಾಗಿ ತಿಳಿಸತಕ್ಕದ್ದು.' ಮೂರು ಆಕ್ಷೇಪಣೆ ಬಂದವು. ಎರಡು ರಸ್ತೆಯ ಹೊಂಡದ ಬಗ್ಗೆ ಇದ್ದವು.

ಕಾಯುವಷ್ಟು ದಿನ ಸುಮ್ಮನಿರುವುದು ಬೇಡವೆಂದು ದೀಕ್ಷಿತಾ, ಕಂಪ್ಯೂಟರಿಗೆ ಹೊರಗಿನವರು ನುಗ್ಗದಂತೆ ತಡೆಯುವ ಫೈರ್‌ವಾಲಿನಲ್ಲಿ ಲಾಂಚರಿಗೆ ದಾರಿ ಬಿಡಲು ಅನುಮತಿ ಕೋರಿ ಅರ್ಜಿ ಬರೆದಳು. ವಾಲ್ ಎಂದು ಇದ್ದುದರಿಂದ ಅರ್ಜಿಯು ಓವರ್ಸಿಯರ್ ಧನರಾಜರ ಮೇಜಿಗೆ ಹೋಯಿತು. ಅವರು ಟೇಪು ಹಿಡಿದು ಬಂದು ಸ್ಥಳ ತನಿಖೆ ನಡೆಸಿ ವರದಿ ಕೊಟ್ಟರು: 'ಸದ್ರಿ ಕಟ್ಟಡದ ಎಲ್ಲ ಗೋಡೆಗಳನ್ನು ಪರಿಶೀಲಿಸಲಾಗಿದೆ. ಬೆಂಕಿಗೆ ಸಂಬಂಧಿಸಿದ ಗೋಡೆ ಚಾ ಮಾಡುವ ಕೋಣೆಯದ್ದು ಮಾತ್ರ. ಅದರಲ್ಲಿ ಈಗಾಗಲೇ ಒಂದು ಕಿಟಕಿ ಇರುವುದರಿಂದ ಹೊಸ ದಾರಿಯ ಅಗತ್ಯ ಕಂಡುಬರುವುದಿಲ್ಲ.'

ಎಂಟನೆಯ ದಿನ ಬೆಳಿಗ್ಗೆ ಅವಳು ಸುಕುಮಾರರ ಮುಂದೆ ನಿಂತಳು. "ಸರ್, ಏಳು ದಿನ ಆಯಿತು. ರೂಟರ್ ಆಫ್ ಮಾಡಲಾ?"

ಸುಕುಮಾರ ಕನ್ನಡಕ ಏರಿಸಿ ತಮ್ಮ ಕಂಪ್ಯೂಟರನ್ನು ನೋಡಿದರು. "ಎಲ್ಲಿ ಆಯಿತು? ಇನ್ನೂ ಏಳು ದಿನ ಉಂಟು."

"ನಿನ್ನೆಗೇ ಮುಗಿಯಿತಲ್ಲ ಸರ್?"

"ಇಲ್ಲಿ ನೋಡು," ಎಂದು ಅವರು ಪರದೆಯ ಮೂಲೆಗೆ ಬೆರಳಿಟ್ಟರು. ಅಲ್ಲಿ ಮಾರ್ಚ್ ಇಪ್ಪತ್ತೆಂಟು ಎಂದಿತ್ತು.

ದೀಕ್ಷಿತಾ ಕಿಟಕಿಯ ಹೊರಗೆ ನೋಡಿದಳು. ಜುಲೈ ತಿಂಗಳು ಧಾರಾಳವಾಗಿ ಸುರಿಯುತ್ತಿತ್ತು. ತಟ್ಟನೆ ಅವಳಿಗೆ ಲಾಂಚರಿನ ಕಾಯಿಲೆ ಗೊತ್ತಾಯಿತು. ದಿನಾಂಕ ತಪ್ಪಿರುವ ಯಂತ್ರವನ್ನು ಸರ್ವರ್ ನಂಬುವುದಿಲ್ಲ. ನಾಲ್ಕು ತಿಂಗಳು ಹಿಂದೆ ಇದ್ದೇನೆ ಎನ್ನುವವನನ್ನು ಯಾವ ಕಾವಲುಗಾರ ತಾನೇ ಒಳಗೆ ಬಿಡುತ್ತಾನೆ?

ಅವಳು ಸೀದಾ ಸಭಾಂಗಣಕ್ಕೆ ಹೋದಳು. ಅಲ್ಲಿನ ಒಂದನೇ ನಂಬರಿನ ಯಂತ್ರವೇ ಹಿರಿಯ. ಕಚೇರಿಯ ಉಳಿದೆಲ್ಲ ಯಂತ್ರಗಳು ಸಮಯ ಕೇಳುವುದು ಅದರ ಹತ್ತಿರ. ಅದರಲ್ಲಿ ಜುಲೈ ಇಪ್ಪತ್ತನಾಲ್ಕು ಎಂದು ಹಾಕಿ ಲಾಂಚರಿನ ಬಟನು ಒತ್ತಿದಳು. ನೀಲಿ ಪಟ್ಟಿ ಒಂದೇ ಉಸಿರಿಗೆ ನೂರಕ್ಕೆ ಓಡಿತು. ಪರದೆಯ ತುಂಬ ರಸ್ತೆ, ಬೆಟ್ಟ, ಕೆಂಪು ಕಾರು. ದಿನಾ ಬಂದು ಮೂಲೆಯಲ್ಲಿ ಕುಳಿತು ಕಾಯುತ್ತಿದ್ದ ಅಮ್ಮಣ್ಣಿ ಕರೆಸಿಕೊಳ್ಳದೆಯೇ ಬಂದು ಸ್ಟೇರಿಂಗ್ ಹಿಡಿದರು. ಮೊದಲ ತಿರುವಿನಲ್ಲಿ ಎದುರು ಯಾರೂ ಇಲ್ಲದಿದ್ದರೂ ಬಾಯಲ್ಲಿ "ಪೋಂಯ್" ಎಂದು ಹಾರ್ನ್ ಹಾಕಿದರು. ಎರಡನೆಯ ತಿರುವಿನಲ್ಲಿ ನಕ್ಕರು.

ಮೂರನೆಯ ತಿರುವು ಬರಲಿಲ್ಲ. ಕಚೇರಿಯೊಳಗಿಂದ ದೊಡ್ಡ ಬೊಬ್ಬೆ ಕೇಳಿಸಿತು. ಸುಕುಮಾರರ ಪರದೆಯಲ್ಲಿ ಅಷ್ಟರವರೆಗೆ ಹಸಿರಾಗಿದ್ದ ನಾನೂರ ಹನ್ನೆರಡು ಕಡತಗಳು ಒಟ್ಟಿಗೆ ಕೆಂಪಾಗಿದ್ದವು. ಪ್ರತಿಯೊಂದರ ಮುಂದೆ 'ವಿಳಂಬ' ಎಂಬ ಶಬ್ದ. ಸುಕುಮಾರ ಧಾವಿಸಿ ಬಂದು, ಒಂದನೇ ಯಂತ್ರದಲ್ಲಿ ಮತ್ತೆ ಮಾರ್ಚ್ ಇಪ್ಪತ್ತೆಂಟನ್ನು ಹಾಕಿ, ಕುರ್ಚಿಯಲ್ಲಿ ಕುಸಿದು ನೀರು ಕೇಳಿದರು. ಕೆಂಪು ಕಾರು ನಿಂತಲ್ಲೇ ಮಾಯವಾಯಿತು.

ತುರ್ತು ಸಭೆ ಸೇರಿತು. ಈಶ್ವರಪ್ರಸಾದರು ಸಿಟ್ಟಾಗಲಿಲ್ಲ, ಅವರು ತಾಳ್ಮೆಯ ಮನುಷ್ಯ.

"ನೋಡು ದೀಕ್ಷಿತಾ, ಈ ಕಡತಗಳಿಗೆಲ್ಲ ಕೊನೆಯ ದಿನ ಮಾರ್ಚ್ ಮೂವತ್ತೊಂದು. ಅಷ್ಟರೊಳಗೆ ಮುಗಿಯುವ ಹಾಗಿರಲಿಲ್ಲ. ಹಾಗಾಗಿ ಇಪ್ಪತ್ತೆಂಟಕ್ಕೇ ನಿಂತೆವು. ದಿನಾ ಬೆಳಿಗ್ಗೆ ಸುಕುಮಾರರು ಅದನ್ನು ಹಿಂದೆ ಇಡ್ತಾರೆ. ಇದರಿಂದ ಯಾರಿಗೂ ತೊಂದರೆ ಇಲ್ಲ."

"ಜನನ, ಮರಣ ಸರ್ಟಿಫಿಕೇಟು?"

"ಅದಕ್ಕೆ ಹೊರಗಿನ ದಿನಾಂಕವನ್ನೇ ಕೈಯಲ್ಲಿ ಬರೆಯುತ್ತೇವೆ. ಹುಟ್ಟುವುದು ಸಾಯುವುದು ಜನರ ಖಾಸಗಿ ವಿಷಯ, ಅದರಲ್ಲಿ ನಾವು ಕೈ ಹಾಕುವುದಿಲ್ಲ."

ಅವರ ಹಿಂದಿನ ಕಪಾಟಿನಲ್ಲಿ ಒಂದು ಹಿತ್ತಾಳೆಯ ಫಲಕ ಹೊಳೆಯುತ್ತಿತ್ತು: 'ಶೂನ್ಯ ವಿಳಂಬ ಕಚೇರಿ, ಜಿಲ್ಲೆಗೆ ದ್ವಿತೀಯ'.

"ನನ್ನ ಲ್ಯಾಪ್‌ಟಾಪು ತರಲಾ ಸರ್? ಅದರಲ್ಲಿ ಜುಲೈ ಉಂಟು."

"ಸ್ಟಾಕ್ ರಿಜಿಸ್ಟರಿನಲ್ಲಿ ನಂಬರಿಲ್ಲದ ಯಂತ್ರ ಆಗುವುದಿಲ್ಲ," ಎಂದರು ಸುಕುಮಾರ. ಆಮೇಲೆ ಸ್ವಲ್ಪ ದನಿ ತಗ್ಗಿಸಿ, "ನಿನಗೊಂದು ಮಾತು ಹೇಳ್ತೇನೆ. ಹೊರಗಿನ ಲೆಕ್ಕದಲ್ಲಿ ನಿನ್ನ ನೂರ ಎಪ್ಪತ್ತೊಂಬತ್ತು ದಿನಕ್ಕೆ ಇನ್ನು ಹತ್ತೇ ಬಾಕಿ. ಇಲ್ಲಿಯ ಲೆಕ್ಕದಲ್ಲಿ ನೀನು ಸೇರಿ ಐವತ್ತೊಂದೇ ದಿನ. ಅದು ಐವತ್ತೆರಡು ಆಗುವುದೇ ಇಲ್ಲ ಮಾರಾಯ್ತಿ."

ಇದನ್ನು ಕೇಳಿ ತನಗೆ ಅಸಹ್ಯ ಹುಟ್ಟಬೇಕಿತ್ತು ಎಂದು ದೀಕ್ಷಿತಾಳಿಗೆ ಅನಿಸಿತು. ಹುಟ್ಟಿದ್ದು ಹಸಿವೆ. ಹತ್ತು ದಿನದಿಂದ ಸರಿಯಾಗಿ ಊಟ ಸೇರಿರಲಿಲ್ಲ. ಆ ಮಧ್ಯಾಹ್ನ ಅವಳು ಎರಡು ಸಲ ಅನ್ನ ಹಾಕಿಸಿಕೊಂಡಳು. ನಂತರ ಬಂದು, ಸಭೆಯ ತೀರ್ಮಾನದಂತೆ ಸ್ಪರ್ಧೆಯ ನಿಯಮಾವಳಿಯನ್ನು ತಾನೇ ಟೈಪು ಮಾಡಿದಳು. ಸ್ಪರ್ಧೆಯು ಲಾಂಚರಿನ ಹಂತದಲ್ಲಿಯೇ ನಡೆಯತಕ್ಕದ್ದು. ಯಾರ ನೀಲಿ ಪಟ್ಟಿ ಅತಿ ಹೆಚ್ಚು ಶೇಕಡಾ ತಲುಪುವುದೋ ಅವರೇ ವಿಜೇತರು. ಯಂತ್ರಕ್ಕೆ ಹೊಡೆಯುವುದು, ಬಯ್ಯುವುದು ನಿಷಿದ್ಧ. ಮೌನ ಪ್ರಾರ್ಥನೆಗೆ ಅಡ್ಡಿಯಿಲ್ಲ.

"ಕಾರಿಲ್ಲದ ರೇಸಾ?" ಎಂದರು ಅಮ್ಮಣ್ಣಿ. ಅವರ ಮುಖ ಬಾಡಿತು. "ಎರಡು ತಿರುವು ಎಷ್ಟು ಚಂದ ಬಂದಿತ್ತು ಮಗಾ."

ದೀಕ್ಷಿತಾ ನಿಯಮಾವಳಿಯನ್ನು ನೋಟೀಸು ಬೋರ್ಡಿಗೆ ಅಂಟಿಸಿದಳು. ಆದರೂ ಶನಿವಾರ ಬೆಳಿಗ್ಗೆ ಮೊದಲು ಬಂದು ಕುಳಿತವರು ಅಮ್ಮಣ್ಣಿಯೇ.

ಅಂದು ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಧನರಾಜರು ಮೈಕು ಹಿಡಿದು ಕನ್ನಡದಲ್ಲೂ ಮಲಯಾಳದಲ್ಲೂ ವೀಕ್ಷಕ ವಿವರಣೆ ಕೊಟ್ಟರು, ಆವೇಶ ಬಂದಾಗ ತುಳುವಿನಲ್ಲಿ. "ಮೂವತ್ತಾರು... ಮೂವತ್ತೇಳು... ನಿಂತಿತು! ಕುಮಾರ್ ಪ್ರವೀತ್ ಮೂವತ್ತೇಳಕ್ಕೆ ನಿರ್ಗಮನ!" ಮೊದಲು ಜನ ನಕ್ಕರು. ಅರ್ಧ ಗಂಟೆಯಲ್ಲಿ ಪಟ್ಟಿ ಒಂದೊಂದು ಅಂಕಿ ಏರುವಾಗಲೂ ಉಸಿರು ಬಿಗಿಹಿಡಿದರು. ಯಾರೋ ಸೀಟಿ ಊದಿದರು. ಹುಡುಗರು ಬಟನನ್ನು ಟಕಟಕ ಒತ್ತಿ ಮೂವತ್ತೊಂಬತ್ತು ದಾಟಲಾರದೆ ಒಬ್ಬೊಬ್ಬರಾಗಿ ಎದ್ದರು.

ಅಮ್ಮಣ್ಣಿ ಬಟನನ್ನು ಒಮ್ಮೆ ಒತ್ತಿ ಕೈ ತೆಗೆದರು. ಪಟ್ಟಿ ನಿಂತಾಗ ಸುಮ್ಮನೆ ಕುಳಿತರು.

"ಒತ್ತಿ ಅಮ್ಮಣ್ಣಿಯಕ್ಕ!" ಎಂದು ಹಿಂದಿನಿಂದ ಕೂಗಿದರು.

"ತಡಿ ಮಾರಾಯ. ಹಳೇ ಇಂಜಿನು, ಸುಮ್ಮನೆ ಕುಕ್ಕಿದರೆ ಹೊತ್ತುವುದಿಲ್ಲ. ಅದರ ಉಸಿರು ತಿರುಗಬೇಕು."

ಉಸಿರು ತಿರುಗಿತೆಂದು ತೋರಿದಾಗ ಇನ್ನೊಮ್ಮೆ ಒತ್ತಿದರು. ನಲವತ್ತು. ನಲವತ್ತೊಂದು. ಸಭಾಂಗಣ ಎದ್ದು ನಿಂತಿತು. ನಲವತ್ತಮೂರಕ್ಕೆ ಪಟ್ಟಿ ನಿಂತಾಗ ಸುಕುಮಾರರು ಕೂಡ ಕುಣಿದರು. ಅಮ್ಮಣ್ಣಿಯನ್ನು ಕುರ್ಚಿ ಸಮೇತ ಎತ್ತಿದರು. ಎತ್ತರದಿಂದ ಆಕೆ ಬಾಯಿ ತುಂಬ ನಕ್ಕದ್ದನ್ನು ನೋಡಿ ದೀಕ್ಷಿತಾ ಕಣ್ಣೊರೆಸಿಕೊಂಡಳು. ಏಕೆಂದು ಅವಳಿಗೇ ಸರಿಯಾಗಿ ತಿಳಿಯಲಿಲ್ಲ.

ಬಹುಮಾನ ಕೊಡಲು ಬ್ಲಾಕಿನ ಯುವಜನ ಅಧಿಕಾರಿ ಯೋಗೀಶರು ಬಂದಿದ್ದರು. ಅವರು ಚಾ ಕುಡಿಯುತ್ತಿರುವಾಗ, ಉಳಿದಿದ್ದ ಒಂದಿಷ್ಟು ಮನಸ್ಸಾಕ್ಷಿಯನ್ನು ಒಟ್ಟುಮಾಡಿಕೊಂಡು ಅವಳು ಹೇಳಿಯೇಬಿಟ್ಟಳು: "ಸರ್, ಸಂಪರ್ಕ ಸಿಗದಿದ್ದುದಕ್ಕೆ ಕಾರಣ ಬೇರೇನಲ್ಲ, ಇಲ್ಲಿ ದಿನಾಂಕ ಸರಿ ಇಲ್ಲ. ಇಲ್ಲಿ ಇನ್ನೂ ಮಾರ್ಚ್ ಇಪ್ಪತ್ತೆಂಟು."

ಈಶ್ವರಪ್ರಸಾದರ ಕೈಯ ಬಾಳೆಹಣ್ಣು ಅರ್ಧದಲ್ಲಿ ನಿಂತಿತು. ಯೋಗೀಶರು ಗ್ಲಾಸು ಕೆಳಗಿಟ್ಟರು.

"ಇಪ್ಪತ್ತೆಂಟಾ?" ಎಂದರು ಮೆಚ್ಚುಗೆಯಿಂದ. "ನೀವು ತುಂಬಾ ಮುಂದೆ ಇದ್ದೀರಿ ಮಾರಾಯ್ರೆ. ನಮ್ಮ ಕಚೇರಿಯಲ್ಲಿ ಇನ್ನೂ ಇಪ್ಪತ್ತಾರು."

ಹೋಗುವಾಗ ಅವರು ಬ್ಲಾಕ್ ಮಟ್ಟದ ಸ್ಪರ್ಧೆಯ ಆಹ್ವಾನ ಪತ್ರವನ್ನು ಅಮ್ಮಣ್ಣಿಯ ಹೆಸರಿಗೇ ಬರೆದು ಕೊಟ್ಟರು. ಸ್ಪರ್ಧೆಯ ದಿನಾಂಕ ಮಾರ್ಚ್ ಇಪ್ಪತ್ತೇಳು. "ನಾಳೆಯೇ," ಎಂದು ಎಚ್ಚರಿಸಿ ಜೀಪು ಹತ್ತಿದರು.

ಸುಕುಮಾರ ಪತ್ರವನ್ನು ಎರಡು ಸಲ ಓದಿದರು. "ಅವರಿಗೆ ನಾಳೆ. ನಮಗೆ ನಿನ್ನೆ," ಎಂದರು. "ಹಾಗಾದರೆ ಮುಗಿದುಹೋಗಿದೆ. ವರದಿ ಇನ್ನೂ ಹೋಗಲಿಲ್ಲವಲ್ಲ? ಒಂದು ದಿನ ವಿಳಂಬ ಆಯಿತು!"

ಕಚೇರಿಯ ಇತಿಹಾಸದಲ್ಲಿ ವಿಳಂಬ ಎಂಬುದು ಇರಲಿಲ್ಲವಾದ್ದರಿಂದ ದೀಕ್ಷಿತಾ ಆಗಲೇ ಕುಳಿತು, ಬ್ಲಾಕ್ ಮಟ್ಟದ ಸ್ಪರ್ಧೆಯಲ್ಲಿ ಪಂಚಾಯತಿನ ಪ್ರತಿನಿಧಿ ಭಾಗವಹಿಸಿದ ಬಗ್ಗೆ ಒಂದು ಪುಟದ ವರದಿ ತಯಾರಿಸಿದಳು. ಸೆಕ್ರೆಟರಿ ಸಹಿ ಹಾಕಿದರು. ಮೊಹರು ಬಿತ್ತು.

ಅಮ್ಮಣ್ಣಿ ಗೆದ್ದ ಕಪ್ಪನ್ನು ಸೆರಗಿನಲ್ಲಿ ಒರೆಸುತ್ತ ಬಾಗಿಲಲ್ಲಿ ನಿಂತಿದ್ದರು.

"ಬ್ಲಾಕಿನಲ್ಲಿ ನನ್ನದು ಎಂತ ಆಯಿತು ಮಗಾ?"

ದೀಕ್ಷಿತಾ ಕಡತ ಬಿಡಿಸಿ ನೋಡಿದಳು. "ಪ್ರಥಮ ಸ್ಥಾನ ಅಮ್ಮಣ್ಣಿಯಕ್ಕ. ಐವತ್ತೆರಡು ಶೇಕಡಾ."

"ಐವತ್ತೆರಡಾ!" ಅಮ್ಮಣ್ಣಿ ಗಲ್ಲಕ್ಕೆ ಕೈ ಹಚ್ಚಿದರು. "ಅಷ್ಟು ಬರ್ತದೆ ಅಂತ ನಾನು ಎಣಿಸಿಯೇ ಇರಲಿಲ್ಲ ನೋಡು. ಅಲ್ಲಿಯ ಯಂತ್ರ ಒಳ್ಳೆಯದಿತ್ತು."

ಎಂದವರೇ ಸುದ್ದಿಯನ್ನು ನೆರೆಮನೆಯವರಿಗೆ ತಿಳಿಸಲು, ಮೊಣಕಾಲು ನೋವನ್ನೂ ಲೆಕ್ಕಿಸದೆ, ಬೇಗ ಬೇಗ ಬಸ್ಸಿಗೆ ನಡೆದರು.