ನಿಲ್ಲಬೇಕಾದಲ್ಲಿ ನಿಲ್ಲದ ಬೈಕು

ಹೊಸ ಬೈಕು ಮನೆಗೆ ಬಂದು ಇನ್ನೂ ತಿಂಗಳಾಗಿರಲಿಲ್ಲ, ಫೌಸ್ಟಿನ್‌ಗೆ ಅದರ ನಂಬರೂ ಸರಿಯಾಗಿ ಬಾಯಿಗೆ ಬಂದಿರಲಿಲ್ಲ. ಆದರೆ ಬೈಕು ಆಗಲೇ ಒಂದು ಚಾಳಿ ಕಲಿತಿತ್ತು. ಚೆನ್ನಾಗಿ ಓಡುತ್ತಾ ಇರುವಾಗಲೇ ಎರಡು ಸಲ ಕೆಮ್ಮಿ, ಮದುವೆ ಮನೆಯಲ್ಲಿ ಮುನಿಸಿಕೊಂಡ ಭಾವನ ಹಾಗೆ ರಸ್ತೆಬದಿಯಲ್ಲಿ ನಿಂತುಬಿಡುತ್ತಿತ್ತು.

ಫೌಸ್ಟಿನ್‌ಗೆ ಕಾಪುವಿನಲ್ಲಿ ಬೇಕರಿ. ಆ ದಿನ ಸಂಜೆ ನಾಲ್ಕಕ್ಕೆ ಕಾರ್ಕಳದಲ್ಲಿ ಹೆಣ್ಣು ನೋಡುವುದಿತ್ತು. ಇದಕ್ಕೆ ಮೊದಲು ನೋಡಿದ ಹುಡುಗಿಯರೆಲ್ಲ ದುಬೈ, ಕೆನಡಾದ ಹುಡುಗರನ್ನು ಒಪ್ಪಿಕೊಂಡು ವಿಮಾನ ಹತ್ತಿದ್ದರು. ಈ ಶಾರ್ಲೆಟ್ ಮಾತ್ರ ‘ಊರಲ್ಲೇ ಇರುವ ಹುಡುಗ ಆಗಬೇಕು’ ಎಂದಿದ್ದಳಂತೆ. ಅವಳ ಫೋಟೋ ಬಂದ ಮೇಲೆ ಬೇಕರಿಯ ಬನ್ನುಗಳೂ ಸ್ವಲ್ಪ ಹೆಚ್ಚೇ ಉಬ್ಬುತ್ತಿದ್ದವು. ಬೆಳಿಗ್ಗೆ ಮಣಿಪಾಲದ ಸರ್ವಿಸ್ ಸೆಂಟರಿನಲ್ಲಿ ಬೈಕನ್ನು ವಾರಂಟಿಯಲ್ಲಿ ಸರಿಮಾಡಿಸಿ, ಅಲ್ಲಿಂದಲೇ ಕಾರ್ಕಳಕ್ಕೆ ಹೋಗುವುದೆಂದು ಅವನು ಬಿಳಿ ಶರ್ಟು ತೊಟ್ಟು ಹೊರಟ.

ಹಿಂದೆ ಕುಳಿತವರು ನೆರೆಮನೆಯ ಜೋಕಿಮ್ ಅಂಕಲ್. ಸಂಬಂಧ ತಂದವರೂ ಅವರೇ. ಕುವೈತಿನಲ್ಲಿ ಗ್ಯಾರೇಜಿನ ಪಕ್ಕದ ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದುದರಿಂದ ಎಂಜಿನಿನ ವಿಷಯ ತನಗೆ ಅಂಗೈ ಮೇಲಿನ ಗೆರೆ ಎಂದು ಅವರು ನಂಬಿದ್ದರು.

ಕಟಪಾಡಿ ಜಂಕ್ಷನಿನಲ್ಲಿ ಬೈಕು ಕೆಮ್ಮಿತು. ನಿಂತಿತು.

ರಿಕ್ಷಾದವರು, ಬಸ್ಸಿಗೆ ಕಾಯುತ್ತಿದ್ದವರು ಎಲ್ಲ ಸುತ್ತುವರಿದರು. ಒಬ್ಬ ಸ್ಪ್ಯಾನರ್ ಹಿಡಿದುಕೊಂಡೇ ಬಂದ. ಫೌಸ್ಟಿನ್ ಮೊಟ್ಟೆಗೆ ಕೂತ ಕೋಳಿಯ ಹಾಗೆ ಬೈಕಿನ ಮೇಲೆ ಕವುಚಿಕೊಂಡ. “ಮುಟ್ಟಬೇಡಿ! ಹೊರಗಿನವರು ಸ್ಕ್ರೂ ತಿರುಗಿಸಿದರೆ ವಾರಂಟಿ ಹೋಗ್ತದೆ!”

“ಕಣ್ಣು ಬಿದ್ದದ್ದು ಅಣ್ಣಾ, ಒಂದು ಲಿಂಬೆಹಣ್ಣು ಕಟ್ಟಿ,” ಎಂದರು ಮೀನಿನ ಬುಟ್ಟಿ ಇಳಿಸಿದ ಚಂಪಕ್ಕ.

“ಎಂತ ಲಿಂಬೆಹಣ್ಣು! ಪೆಟ್ರೋಲ್ ಸಿಕ್ಕಿಹಾಕಿಕೊಂಡದ್ದು. ಓರೆ ಮಾಡಿ ಅಲ್ಲಾಡಿಸಬೇಕು,” ಎಂದರು ಜೋಕಿಮ್ ಅಂಕಲ್. “ಟ್ಯಾಂಕಿನ ಮುಚ್ಚಳಕ್ಕೆ ಸ್ಕ್ರೂ ಇಲ್ಲವಲ್ಲ ಮಾರಾಯ?”

ಅವನು ಬೇಡವೆನ್ನುವಷ್ಟರಲ್ಲಿ ಮುಚ್ಚಳ ತೆರೆದಿತ್ತು, ಬೈಕು ಓರೆಯಾಗಿತ್ತು, ಬಿಳಿ ಶರ್ಟು ಪೆಟ್ರೋಲ್ ಕುಡಿದಿತ್ತು. ಕೊನೆಗೆ ಬೈಕನ್ನೂ ಇವರಿಬ್ಬರನ್ನೂ ಮಣಿಪಾಲಕ್ಕೆ ಮುಟ್ಟಿಸಿದ್ದು ಬಂಗುಡೆ ಮೀನು ಸಾಗಿಸುವ ಒಂದು ಟೆಂಪೋ. ಪೆಟ್ರೋಲಿನ ವಾಸನೆಗೆ ಒಂದು ಜೋಡಿಯೂ ಸಿಕ್ಕಿತು.

ಸರ್ವಿಸ್ ಸೆಂಟರಿನ ಕಾವ್ಯ ಮೂಗಿಗೆ ಕರ್ಚೀಫು ಹಿಡಿದು ಬೈಕಿನ ಗುಂಡಿ ಒತ್ತಿದಳು. ಮೇಷ್ಟ್ರ ಎದುರು ಮಗ್ಗಿ ಒಪ್ಪಿಸುವ ಹುಡುಗನ ಹಾಗೆ ಅದು ಥಟ್ಟನೆ ಶುರುವಾಯಿತು.

“ಸರಿ ಉಂಟಲ್ಲ ಸರ್! ನಮ್ಮೆದುರು ನಿಂತರೆ ಮಾತ್ರ ವಾರಂಟಿಯಲ್ಲಿ ಸಾಮಾನು ಬದಲಿಸಲಿಕ್ಕೆ ಆಗುವುದು.”

ಮೆಕ್ಯಾನಿಕ್ ಲಕ್ಷಿತ್‌ನನ್ನು ಹಿಂದೆ ಕೂರಿಸಿಕೊಂಡು ಫೌಸ್ಟಿನ್ ಮಣಿಪಾಲವನ್ನೆಲ್ಲ ಸುತ್ತಿದ. ಬೈಕು ಹಂಸದ ಹಾಗೆ ತೇಲಿತು. ಅವನು ಆಸೆ ಬಿಟ್ಟು ಹಿಂದಿರುಗುವಾಗ ಟೈಗರ್ ಸರ್ಕಲಿನ ನಟ್ಟನಡುವೆ ಕೆಮ್ಮಿ ನಿಂತಿತು. ಹಿಂದೆ ಬಸ್ಸುಗಳು ಹಾರ್ನ್ ಬಡಿಯುತ್ತಿದ್ದರೆ ಇವನು, “ನಿಂತಿತು! ನೋಡಿದಿರಲ್ಲ? ನಿಂತಿತು!” ಎಂದು ಲಕ್ಷಿತ್‌ನ ಕೈ ಕುಲುಕುತ್ತಿದ್ದ. ಬೈಕು ಕೆಟ್ಟದ್ದಕ್ಕೆ ಇಷ್ಟು ಸಂತೋಷಪಟ್ಟ ಮನುಷ್ಯನನ್ನು ಸರ್ಕಲಿನ ಪೊಲೀಸಿನವನು ಅದೇ ಮೊದಲು ನೋಡಿದ್ದಿರಬೇಕು.

“ಟ್ಯಾಂಕಿನೊಳಗಿನ ಪೆಟ್ರೋಲ್ ಪಂಪು ಹೋಗಿದೆ. ಹೊಸದು ಹಾಕುವ,” ಎಂದ ಲಕ್ಷಿತ್.

ಕೆಲಸ ಮುಗಿದಾಗ ಹೊತ್ತು ಮೀರಿತ್ತು. ಯಾರೋ ಬೈಕು ತಂದು ನಿಲ್ಲಿಸಿದರು, ಯಾರೋ ಕೀ ಕೊಟ್ಟರು, ಫೌಸ್ಟಿನ್ ಹಾರಿ ಕುಳಿತ. ಹಿರಿಯಡ್ಕ ದಾಟಿತು, ಬೈಲೂರು ದಾಟಿತು, ಒಂದು ಕೆಮ್ಮಿಲ್ಲ, ಸೀನಿಲ್ಲ.

“ಬೆಳಿಗ್ಗೆ ನಾನು ಅಲ್ಲಾಡಿಸಿದ್ದು ಈಗ ಹಿಡಿಯಿತು,” ಎಂದರು ಜೋಕಿಮ್ ಅಂಕಲ್.

ಕಾರ್ಕಳದಲ್ಲಿ ಹುಡುಗಿಯ ತಂದೆ ಜಾರ್ಜ್ ಗೇಟಿನವರೆಗೆ ಬಂದು ಸ್ವಾಗತಿಸಿದರು. ಬೈಕು ನೋಡಿ ಅವರ ಮುಖ ಅರಳಿತು. “ನಮ್ಮ ಶಾರ್ಲೆಟ್‌ನದ್ದೂ ಇದೇ ಬೈಕು, ಇದೇ ಬಣ್ಣ! ದೇವರು ಜೋಡಿ ಮಾಡುವುದೆಂದರೆ ಹೀಗೆ ನೋಡಿ.” ಆಮೇಲೆ ಗಾಳಿಯನ್ನೊಮ್ಮೆ ಮೂಸಿ, “ಮೀನು ತಂದಿರಾ?” ಎಂದು ಕೇಳಿದರು.

ಶಾರ್ಲೆಟ್ ಮಣಿಪಾಲದಲ್ಲಿ ಫಿಸಿಯೋಥೆರಪಿಸ್ಟ್. ಡ್ಯೂಟಿ ಮುಗಿಸಿ ಇನ್ನೂ ಬಂದಿರಲಿಲ್ಲ. ಶರಬತ್ತು ಮುಗಿಯಿತು. ಕೇಕೂ ಮುಗಿಯಿತು. ತನ್ನ ಹೊಸ ಬೈಕಿನ ಓಟವನ್ನು ಫೌಸ್ಟಿನ್ ಮೂರನೆಯ ಸಲ ಹೊಗಳುತ್ತಿದ್ದಾಗ ಗೇಟಿನ ಮುಂದೆ ಒಂದು ಗೂಡ್ಸ್ ರಿಕ್ಷಾ ಬಂದು ನಿಂತಿತು. ಅದರ ಮೇಲೆ ಹಗ್ಗ ಕಟ್ಟಿದ ಬೈಕು. ಪಕ್ಕದಲ್ಲಿ, ಬೆವರಿಗೆ ಕೂದಲೆಲ್ಲ ಹಣೆಗಂಟಿದ ಹುಡುಗಿ. ಫೋಟೋದಲ್ಲಿದ್ದದ್ದು ಇದೇ ಮುಖ, ನಗು ಮಾತ್ರ ಇರಲಿಲ್ಲ.

“ಡ್ಯಾಡಿ, ಬೆಳಿಗ್ಗೆ ಸರ್ವಿಸಿಗೆ ಕೊಡುವವರೆಗೆ ಸರಿ ಇತ್ತು! ಈಗ ಹಿರಿಯಡ್ಕದ ಏರಿನಲ್ಲಿ ನಿಂತದ್ದು ಮತ್ತೆ ಅಲ್ಲಾಡಲಿಲ್ಲ. ನೂಕಿ ನೂಕಿ…” ಅವಳ ಕಣ್ಣು ಅಂಗಳದ ಬೈಕಿನ ನಂಬರ್ ಪ್ಲೇಟಿಗೆ ಹೋಯಿತು. “ಇದು ನನ್ನ ಬೈಕು! ತಂದವರು ಯಾರು?”

ಜೋಕಿಮ್ ಅಂಕಲ್ ತಕ್ಷಣ ಫೌಸ್ಟಿನ್‌ನನ್ನು ತೋರಿಸಿದರು.

ಫೌಸ್ಟಿನ್ ಸರ್ವಿಸ್ ಸೆಂಟರಿಗೆ ಫೋನ್ ಮಾಡಿದಾಗ ಕಾವ್ಯ ಸಂಕೋಚದಿಂದಲೇ ಹೇಳಿದಳು: “ಸಾರಿ ಸರ್, ಅವಸರದಲ್ಲಿ ಅದಲುಬದಲಾಯಿತು. ಹೊಸ ಪಂಪು ಮೇಡಮ್‌ನ ಬೈಕಿಗೆ ಹೋಗಿದೆ. ನಿಮ್ಮದಕ್ಕೆ ಆಯಿಲ್ ಹಾಕಿ ತೊಳೆದಿದ್ದೇವೆ. ಆದರೆ ಕಂಪ್ಯೂಟರಿನಲ್ಲಿ ನಿಮಗೆ ಪಂಪು ಕೊಟ್ಟಾಗಿದೆ. ಇನ್ನೊಂದು ಬೇಕಾದರೆ ಬೈಕು ಮತ್ತೊಮ್ಮೆ ನಮ್ಮೆದುರು ನಿಲ್ಲಬೇಕು.”

ಫೌಸ್ಟಿನ್ ಫೋನ್ ಇಟ್ಟು ತಲೆ ತಗ್ಗಿಸಿದ. ಕೆನಡಾದ ಹುಡುಗರಿಗೆ ಇಂಥ ತಾಪತ್ರಯ ಇರಲಿಕ್ಕಿಲ್ಲ.

“ಇದು ದಿನಾ ಹೀಗೆ ನಿಲ್ತದಾ?” ಶಾರ್ಲೆಟ್ ಕೇಳಿದಳು.

“ಇಲ್ಲ. ಮುಖ್ಯ ಕೆಲಸ ಇರುವ ದಿನ ಮಾತ್ರ.”

ಅವಳು ತುಟಿ ಕಚ್ಚಿ ತಡೆಯಲು ನೋಡಿದಳು, ಆಗಲಿಲ್ಲ. ಮೆಟ್ಟಿಲಿನ ಮೇಲೆ ಕುಳಿತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. “ನಿಮ್ಮ ಬೈಕು ಇಲ್ಲೇ ಇರಲಿ. ನಾಳೆ ನನಗೆ ರಜೆ. ಬೆಳಿಗ್ಗೆ ಬನ್ನಿ, ಮಣಿಪಾಲಕ್ಕೆ ನಾನೂ ಬರ್ತೇನೆ. ನಿಂತರೆ ನೂಕಲಿಕ್ಕೆ ಜನ ಬೇಕಲ್ವಾ?”

ಕಾಪುವಿಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಹಿಡಿದು ಜೋಕಿಮ್ ಅಂಕಲ್ ಸಮಾಧಾನ ಹೇಳಿದರು: “ಚಿಂತೆ ಮಾಡಬೇಡ ಮಾರಾಯ. ಹೇಗೂ ನಾಳೆ ಸರ್ವಿಸ್ ಸೆಂಟರಿನ ಎದುರೇ ನಿಲ್ತದೆ.”

“ಛೆ, ಅಲ್ಲಿಯವರೆಗೆ ಯಾಕೆ ಅಂಕಲ್?” ಎಂದ ಫೌಸ್ಟಿನ್. “ನೂಕಲಿಕ್ಕೆ ಜನ ಉಂಟಲ್ಲ, ಬೈಲೂರಿನಲ್ಲೇ ನಿಂತರೂ ಸಾಕು.”