ಜರಾ ಎಂಬಷ್ಟು ಜಾಗ

ಕನ್ನಡ ಮೇಷ್ಟರಿಗೆ ಹೆಂಡತಿಯ ಮಾತನ್ನು ತಿದ್ದುವ ಚಟ ಇರಬಾರದು. ನನಗಿದೆ. ನಾನು ಉಡುಪಿ ಕಡೆಯವನು, ನನ್ನ ಹೆಂಡತಿ ಶಾಂತಾ ಕಲಬುರಗಿಯವಳು. ಕಾಂದಿವಲಿಯ ನಮ್ಮ ಮನೆಯಲ್ಲಿ ಅವಳು ‘ಜರಾ’ ಎಂದಾಗಲೆಲ್ಲ ನಾನು ‘ಸ್ವಲ್ಪ ಅನ್ನು ಮಾರಾಯ್ತಿ, ಅದು ನಮ್ಮ ಮಾತಲ್ಲ’ ಎನ್ನುತ್ತಿದ್ದೆ. ‘ಸ್ವಲ್ಪ’ ಕೂಡ ಸಂಸ್ಕೃತದ್ದೇ ಎಂಬ ಗುಟ್ಟನ್ನು ಮಾತ್ರ ಜಾಣತನದಿಂದ ಮುಚ್ಚಿಟ್ಟಿದ್ದೆ.

ಮೊನ್ನೆ ಅವಳ ತಂಗಿಯ ಮಗಳ ಮದುವೆಗೆಂದು ಕಲಬುರಗಿಗೆ ಹೋದಾಗ ಈ ಪದದ ವಿಶ್ವರೂಪ ದರ್ಶನವಾಯಿತು. ‘ಜರಾ ಕೂಡ್ರಿ’ ಎಂದರೆ ಅರ್ಧ ದಿನ. ‘ಜರಾ ಉಣ್ರಿ’ ಎಂದರೆ ನಾಲ್ಕು ಜೋಳದ ರೊಟ್ಟಿ. ‘ಅಜ್ಜಗ ಜರಾ ಆರಾಮಿಲ್ಲ’ ಎಂದರೆ ಅಜ್ಜ ಹಾಸಿಗೆ ಹಿಡಿದು ಆರು ತಿಂಗಳಾಗಿದೆ! ವಾಪಸ್ ಬರುವಾಗ ಕುತೂಹಲ ತಡೆಯದೆ ಮೊಬೈಲಿನಲ್ಲಿ ನಿಘಂಟು ತಡಕಿದೆ. ಮೂಲ ಅರಬ್ಬಿಯಂತೆ, ಅರ್ಥ ಧೂಳಿನ ಕಣವಂತೆ. ಅಬ್ಬಾ! ಎಲ್ಲಿಯ ಮರಳುಗಾಡು, ಎಲ್ಲಿಯ ನಮ್ಮ ಮಾವನವರ ಪಂಕ್ತಿ!

ದಾದರ್‌ನಲ್ಲಿ ಇಳಿದು ಲೋಕಲ್ ರೈಲು ಹತ್ತಿದೆವು. ಮದುವೆಮನೆಯಲ್ಲಿ ಓಡಾಡಿ ಶಾಂತಾಳ ಮಂಡಿ ಊದಿಕೊಂಡಿತ್ತು. ಕಾಂದಿವಲಿಯವರೆಗೆ ನಿಂತರೆ ಅವಳು ಮನೆಯ ಮೆಟ್ಟಿಲು ಹತ್ತುವುದು ಸುಳ್ಳು. ಅವಳ ಮುಖ ನೋಡಿ ನನಗೆ ಸಂಕಟವಾಯಿತು. ಬೆಂಚಿನ ಮೇಲೆ ಮೂವರಿದ್ದರು. ಇವರಿಗೆ ಮಂಡಿನೋವು, ದಯವಿಟ್ಟು ಯಾರಾದರೊಬ್ಬರು ಎದ್ದು ಜಾಗ ಕೊಡುವಿರಾ ಎಂದು ಮೇಷ್ಟರ ಹಿಂದಿಯಲ್ಲಿ ಭಾಷಣ ಬಿಗಿದೆ. ಮೂವರೂ ಮೊಬೈಲಿನೊಳಗೆ ಇನ್ನಷ್ಟು ಮುಳುಗಿದರು. ಲೋಕಲಿನಲ್ಲಿ ಯಾರನ್ನೂ ಏಳು ಎನ್ನಬಾರದು, ಪಕ್ಕಕ್ಕೆ ಸರಿದುಕೋ ಎನ್ನಬೇಕು. ಈ ಊರಿಗೆ ಬಂದು ಇಪ್ಪತ್ತು ವರ್ಷವಾದರೂ ಇದು ನನ್ನ ತಲೆಗೆ ಹೋಗಿಲ್ಲ. ಶಾಂತಾ ನನ್ನನ್ನು ಪಕ್ಕಕ್ಕೆ ತಳ್ಳಿ, ಅಂಗೈಯನ್ನು ಅಡ್ಡಕ್ಕೆ ಬೀಸಿ, ‘ಭಯ್ಯಾ, ಜರಾ...’ ಎಂದಳು. ಅಷ್ಟೇ! ತಲೆ ಎತ್ತದೆಯೇ ಮೂವರೂ ನಾಲ್ಕು ನಾಲ್ಕು ಬೆರಳು ಸರಿದರು. ಯಾರೂ ಏಳಲಿಲ್ಲ, ಆದರೂ ಇಲ್ಲದ ನಾಲ್ಕನೇ ಸೀಟೊಂದು ಹುಟ್ಟಿಕೊಂಡಿತು. ಅವಳು ಕೂತು ‘ಯವ್ವಾ’ ಎಂದು ಉಸಿರು ಬಿಟ್ಟಾಗ, ನಿಜ ಹೇಳುತ್ತೇನೆ, ನನ್ನ ಕಣ್ಣು ಒದ್ದೆಯಾಯಿತು. ಧೂಳಿನ ಕಣದಷ್ಟು ಪದ ನನ್ನ ಇಡೀ ಸಂಸಾರವನ್ನು ಕೂರಿಸಿತ್ತು.

ಅಂಧೇರಿಯಲ್ಲಿ ಇಬ್ಬರು ಇಳಿದರು. ನಾನು ದೊಪ್ಪನೆ ಕೂತು, ತೊಡೆ ಅಗಲಿಸಿ, ಈ ಮಹಿಮೆಯನ್ನು ಕುರಿತು ಪ್ರಬಂಧವೊಂದನ್ನು ಬರೆಯಲೇಬೇಕೆಂದು ಯೋಚಿಸತೊಡಗಿದೆ. ಜೋಗೇಶ್ವರಿಯಲ್ಲಿ ಹತ್ತಿದ ಮುದುಕರೊಬ್ಬರು ಎದುರಿಗೇ ನಿಂತು ಸಣ್ಣಗೆ ಕೆಮ್ಮಿದರು. ನನಗೆ ಥಟ್ಟನೆ ನಿದ್ದೆ ಬಂದುಬಿಟ್ಟಿತು. ಶಾಂತಾ ಮೊಣಕೈಯಿಂದ ತಿವಿದಳು. ‘ನಿದ್ದಿ ನಾಟಕ ಸಾಕ್ರಿ, ಜರಾ ಸರೀರಿ!’

ಕಣ್ಣು ಮುಚ್ಚಿಕೊಂಡೇ ಸರಿದೆ. ಮುದುಕರು ಕೂತು, ನನ್ನ ತೊಡೆಯನ್ನು ಮೆಲ್ಲಗೆ ತಟ್ಟಿ, ‘ಸೋ ಜಾವ್ ಬೇಟಾ, ಮೈಂ ಜಗಾ ದೂಂಗಾ’ ಎಂದರು. ನಾನು ಮಲಗಿರಬೇಕಂತೆ, ನನ್ನ ಸ್ಟೇಷನ್ ಬಂದಾಗ ಅವರೇ ಎಬ್ಬಿಸುತ್ತಾರಂತೆ. ಕಾಂದಿವಲಿ ಬರುವವರೆಗೂ ನನಗೆ ಕಣ್ಣು ಬಿಡುವ ಧೈರ್ಯವಾಗಲಿಲ್ಲ.