ಅರಿಶಿಣ ಹಚ್ಚಿದ ಸೇನಾ ಲಕೋಟೆ

ಮದುವೆ ಕಾರ್ಡು ಮಾಡುವವನಿಗೆ ಬೇರೆ ಕೆಲಸ ಕೊಟ್ಟರೆ ಏನಾದರೊಂದು ಆಗಿಯೇ ತೀರುತ್ತದೆ. ನನ್ನ ಕೈಯಲ್ಲಂತೂ ಅದು ತಪ್ಪಿದ್ದೇ ಇಲ್ಲ. ಗೋವಾದ ಕೊರ್ಲಿಮ್‌ನ ಛಾಪಖಾನೆಯಲ್ಲಿ ಡಬ್ಬಿಯಂಥ ಕಂಪ್ಯೂಟರಿನ ಮುಂದೆ ಕೂತು, ಕಾರ್ಡಿನ ಮೇಲೆ ಗಣಪತಿ ಕೂರಿಸುತ್ತಿದ್ದವನು ನಾನು. ಅಲ್ಲಿಗೆ ಒಬ್ಬ ನಿವೃತ್ತ ಸೇನಾಧಿಕಾರಿ ಬಂದರು, ಬೆಳಗಾವಿ ಕಡೆಯವರು. ಅಲ್ಲೇ ಹತ್ತಿರ ಕಟ್ಟುತ್ತಿದ್ದ ಸೇನಾ ಸಂಗ್ರಹಾಲಯಕ್ಕೆ ದೇಣಿಗೆ ಕೇಳಿ ಮನೆಮನೆಗೆ ಅಂಚೆಯಲ್ಲಿ ಪತ್ರ ಕಳಿಸಬೇಕಿತ್ತು. ಅದಕ್ಕೊಂದು ಲಕೋಟೆ ಬೇಕಿತ್ತು.

“ಇಂಥಾ ಲಕೋಟಿ ಮಂದಿ ತೆರೀದನ ಒಗೀತಾರ. ನಿಮ್ಮದು ತೆರೀಬೇಕು, ಅಷ್ಟ” ಅಂದರು.

ತೆರೆಯಿಸಿಯೇ ತೀರುತ್ತೇನೆಂದು ನಾನೂ ಹಟ ಹಿಡಿದೆ.

ಟ್ಯಾಂಕಿನ ಮೂತಿ

ಮೊದಲು ಲಕೋಟೆಯ ಮೇಲೆ ಯುದ್ಧದ ಟ್ಯಾಂಕ್ ನಿಲ್ಲಿಸಿದೆ. ಸಾಹೇಬರು ಕನ್ನಡಕ ಏರಿಸಿದರು.

“ಇದರ ಮೂತಿ ಯಾರ ಕಡೆ ಐತಿ?”

“ವಿಳಾಸದ ಕಡೆ ರೀ.”

“ನಾವು ದೇಣಿಗಿ ಕೇಳಾಕತ್ತೇವೋ, ದರೋಡಿ ಮಾಡಾಕತ್ತೇವೋ?”

ಮೂತಿಯನ್ನು ಮೇಲೆತ್ತಿದೆ. ಅದು ನೇರ ಅಂಚೆಚೀಟಿಗೆ ಗುರಿಯಿಟ್ಟಿತು.

“ಸರ್ಕಾರದ ಮ್ಯಾಲೆ ಬ್ಯಾಡ್ರಿ,” ಅಂದರು, “ನನಗ ಪೆನ್ಷನ್ ಬರತೈತಿ.”

ಲುಂಗಿಯ ಸಲಾಮು

ಟ್ಯಾಂಕ್ ಬಿಟ್ಟು ಸಲಾಮು ಹೊಡೆಯುವ ಸೈನಿಕನನ್ನು ಹಾಕೋಣವೆಂದಾಯಿತು. ನಮ್ಮ ಟೆಂಪೋ ಡ್ರೈವರ್ ಕುಂಕಳ್ಳಿಯವನು, ಎತ್ತರದ ಆಳು. ಗೇಟಿನ ಕಾವಲುಗಾರನ ಸಮವಸ್ತ್ರ ಬಿಚ್ಚಿಸಿ ಅವನಿಗೆ ತೊಡಿಸಿ ಫೋಟೋ ತೆಗೆಯುತ್ತಿದ್ದೆವು. ಆಗಲೇ ಸಾಹೇಬರ ಜೀಪು ಬಂತು. ಬನಿಯನ್, ಲುಂಗಿಯಲ್ಲಿದ್ದ ಕಾವಲುಗಾರ ಗೇಟು ತೆರೆದು, ಹಿಮ್ಮಡಿ ಜೋಡಿಸಿ ಸಲಾಮು ಹೊಡೆದ. ಸಾಹೇಬರು ಇಳಿದು ತಾವೂ ಸಲಾಮು ಹೊಡೆದರು.

“ಸೈನ್ಯದಾಗ ಎಷ್ಟು ವರ್ಷ ಇದ್ರಿ?”

“ಹದಿನೇಳು ರೀ.”

ದಿನಾ ಆ ಗೇಟು ದಾಟುವ ನಮಗ್ಯಾರಿಗೂ ಅದು ಗೊತ್ತಿರಲಿಲ್ಲ. ನಾಚಿಕೆಯೂ ಆಯಿತು, ಹೆಮ್ಮೆಯೂ ಆಯಿತು. ಲಕೋಟೆಯ ಮೇಲೆ ಅವನೇ ಬಂದ. ಡ್ರೈವರ್ ಅಂಗಿ ಮರಳಿ ಕೊಟ್ಟ, ಪ್ಯಾಂಟು ಕೊಡಲು ಒಪ್ಪಲಿಲ್ಲ. ಹಾಗಾಗಿ ಚಿತ್ರ ಸೊಂಟದವರೆಗೆ ಮಾತ್ರ.

ನಾಲ್ಕು ಮೂಲೆ

ಕಳಿಸುವ ದಿನ ನೋಡಿದರೆ ಪ್ರತಿ ಲಕೋಟೆಯ ನಾಲ್ಕೂ ಮೂಲೆಗೆ ಅರಿಶಿಣ! ಲಕೋಟೆ ಅಂಟಿಸುವ ವಿಜಾಪುರ ಕಡೆಯ ಅಕ್ಕ, ಮದುವೆ ಕಾರ್ಡಿಗೆ ಹಚ್ಚುವ ರೂಢಿಯಲ್ಲಿ ಇವಕ್ಕೂ ಹಚ್ಚಿಬಿಟ್ಟಿದ್ದಳು. ಸಾಹೇಬರು ಒಂದನ್ನೆತ್ತಿ ಮೂಸಿ ನೋಡಿದರು.

“ಇದೇನವ್ವಾ?”

“ಅರಿಶಿಣ ಹಚ್ಚಿದ್ದನ್ನ ತೆರೀದನ ಒಗ್ಯಾಕ ಯಾರಿಗೆ ಧೈರ್ಯ ಐತ್ರೀ?”

ಸಾಹೇಬರು ನನ್ನತ್ತ ತಿರುಗಿದರು. “ಮದಲ ಈಕೀನ್ನ ಕೇಳಬೇಕಿತ್ತು.”

ಮುಯ್ಯಿ

ಭಾನುವಾರ ಬಂದು ಸಂಗ್ರಹಾಲಯ ನೋಡಿರೆಂದು ಪತ್ರದಲ್ಲಿ ಇಂಗ್ಲಿಷಿನಲ್ಲಿತ್ತು. ಕಾಣಕೋಣದಲ್ಲಿ ನೆಲೆಸಿದ್ದ, ಉತ್ತರ ಕರ್ನಾಟಕದ ನಮ್ಮ ಕಡೆಯದೇ ಒಂದು ಕುಟುಂಬ ಟೆಂಪೋ ಮಾಡಿಕೊಂಡು ಬಂತು. ರೇಷ್ಮೆ ಸೀರೆ, ತಲೆತುಂಬ ಅಬ್ಬಲಿಗೆ. ಇಂಗ್ಲಿಷ್ ಬಾರದವರು ತಾರೀಖು ನೋಡಿ, ನಕ್ಷೆ ನೋಡಿ, ಉಳಿದದ್ದನ್ನು ಅರಿಶಿಣದಲ್ಲೇ ಓದಿಕೊಂಡಿದ್ದರು.

“ಮದುಮಗ ಎಲ್ಲಿ?” ಎಂದಳು ಅಜ್ಜಿ.

ಅಲ್ಲಿ ಹಾರ ಹಾಕಿಸಿಕೊಂಡು ನಿಂತಿದ್ದದ್ದು ಹಳೆಯ ಟ್ಯಾಂಕ್ ಒಂದೇ. ಸಾಹೇಬರು ಕೈಮುಗಿದರು. “ಮದುವಿ ಅಲ್ಲವ್ವ. ಯುದ್ಧ ಮಾಡಿ ಬಂದಾನಿವ. ಇವಗೊಂದು ಮನಿ ಕಟ್ಟಾಕತ್ತೇವಿ.”

ಅಜ್ಜಿ ಟ್ಯಾಂಕನ್ನು ಮುಟ್ಟಿ ನಮಸ್ಕರಿಸಿದಳು. ಮದುವೆಗೆಂದು ತಂದ ಮುಯ್ಯಿಯನ್ನು ದೇಣಿಗೆ ಡಬ್ಬಿಗೆ ಹಾಕಿದಳು. ನನ್ನ ಲಕೋಟೆ ಅವಳ ಕೈಯಲ್ಲೇ ಇತ್ತು, ನೀಟಾಗಿ ತೆರೆದದ್ದು. ನನ್ನ ಎದೆ ಉಬ್ಬಿತು.

ಹೊರಡುವಾಗ ಅಜ್ಜಿ ಸಾಹೇಬರಿಗೆ ಹೇಳಿದಳು: “ಹುಡುಗ ಗಟ್ಟಿಮುಟ್ಟ ಅದಾನ, ಮನೀನೂ ಆಗಾಕತ್ತೈತಿ. ಇನ್ನ ಲಗೂನ ಹೆಣ್ಣು ನೋಡ್ರಿ. ಲಗ್ನದ ಕಾರ್ಡಿಗೂ ಹಿಂಗ ಅರಿಶಿಣ ಹಚ್ಚೇ ಕಳಿಸ್ರಿ, ಇಲ್ಲಂದ್ರ ನಾವು ತೆರಿಯೂದಿಲ್ಲ!”